ಮರಗಳ ಬುಡಕ್ಕೆ ಹೊದಿಕೆ

ತೋಟದ ಒಡೆಯರಿಗೆ ವರ್ಷವರ್ಷವೂ ತಪ್ಪದೆ ಬರುವ ವೆಚ್ಚಗಳಲ್ಲಿ ಕಳೆ ತೆಗೆಯಿಸುವ ವೆಚ್ಚವೂ ಒಂದಾಗಿರುವುದು. ಮುಂಗಾರಿನಲ್ಲಿ ಅಗೆಸಿದ ಪಾತಿಯು ಕೆಲವು ವಾರಗಳಲ್ಲಿಯೇ ಪುನಃ ಹಸುರಾಗುವುದು. ಹಿಂಗಾರಿನಲ್ಲಿ ಮತ್ತೊಮ್ಮೆ ಆಳುಗಳನ್ನು ಕರೆಯಬೇಕಾಗುವುದು. ಆಳು ಸಿಕ್ಕದ ವರ್ಷ ಕಳೆಯು ಬಲಿತು, ಬೀಜವನ್ನು ಉದುರಿಸಿ, ಮುಂದಿನ ಹಲವು ವರ್ಷಗಳ ಕೆಲಸವನ್ನು ಹೆಚ್ಚಿಸುವುದು. ಇಷ್ಟೇ ಆಗಿದ್ದರೆ ನಷ್ಟವು ಹಣಕ್ಕೆ ಮಾತ್ರ ಸಂಬಂಧಪಟ್ಟುದೆನ್ನಬಹುದಾಗಿತ್ತು. ಆದರೆ ನೀರನ್ನೂ ಸಾರವನ್ನೂ ಹೀರತಕ್ಕ ನವುರಾದ ಬೇರುಗಳ ಬಹುಭಾಗವು ನೆಲದ ಮೇಲ್ಪದರದಲ್ಲಿಯೇ ಹರಡಿಕೊಂಡಿರುವುದರಿಂದ, ಕಳೆಗೆಂದು ಹಾಕಿದ ಗುದ್ದಲಿಯ ಏಟು ಮರದ ಬೇರಿಗೂ ಬೀಳುವುದು. ದೊಡ್ಡ ಮರವು ಇದನ್ನು ಹೇಗೋ ತಾಳಿಕೊಳ್ಳುವುದು. ನೆಟ್ಟು ಎರಡು ಮೂರು ವರ್ಷವಾದ ಮಾವಿನ ಅಥವಾ ತೆಂಗಿನ ಸಸಿಯಾದರೋ, ಬೇರು ಕಡಿದುಹೋದ ಮೇಲೆ ಬರುವ ಬೇಸಗೆಯಲ್ಲಿ ಸೊರಗಿ ನಿಲ್ಲುವುದು, ಕೆಲವು ಸತ್ತೇಹೋಗುವುವು.

ಈ ಕಷ್ಟಕ್ಕೆ ಸುಲಭವಾದ ಪರಿಹಾರವೆಂದರೆ ಮರದ ಬುಡದ ಸುತ್ತಲಿನ ನೆಲವನ್ನು ಸೊಪ್ಪು ಸದೆಗಳಿಂದ ಮುಚ್ಚುವುದು. ಶಿರಸಿ, ಸಿದ್ದಾಪುರ, ಸಾಗರ ಸೀಮೆಗಳ ಅಡಿಕೆ ತೋಟಗಾರರಿಗೆ ಇದು ಹೊಸದಲ್ಲ. ಸೊಪ್ಪಿನ ಬೆಟ್ಟಗಳಿಂದ ತಂದ ಸೊಪ್ಪನ್ನೂ ದರಗನ್ನೂ ಅವರು ತಲೆತಲಾಂತರದಿಂದ ಗೊಬ್ಬರಕ್ಕೂ ಹೊದಿಕೆಗೂ ಉಪಯೋಗಿಸುತ್ತ ಬಂದಿರುವರು. ಬಯಲುಸೀಮೆಯಲ್ಲಿಯಾದರೋ ಉದುರಿದ ಎಲೆಯನ್ನು ಗುಡಿಸಿ ಬೆಂಕಿಯಿಡುವ ರೂಢಿಯೇ ಹೆಚ್ಚು. ನೆಲವನ್ನು ಕಾಯಬೇಕಾದ ಪದಾರ್ಥವು ಹೀಗೆ ಬೂದಿಯಾಗಿ, ಬರಿದಾದ ನೆಲದಲ್ಲಿ ಕಳೆಯು ಬೆಳೆಯುವುದು.

೧. ಹೊದಿಕೆಯಿಂದ ಕಳೆ ಅಡಗುವ ಬಗೆ

ಕಳೆಗಳಲ್ಲಿ ಅನೇಕವುಗಳ ಬೀಜವು ಅತಿ ಸಣ್ಣದು. ಬೆಳಕು ತಾಗಿದ ಹೊರತು ಇವುಗಳಲ್ಲಿ ಹಲವು ಮೊಳೆಯುವುದೇ ಇಲ್ಲ. ಮೊಳೆತವುಗಳೂ ಬೀಜದೊಳಗಿನ ಅಲ್ಪ ಆಹಾರವು ತೀರುವುದರೊಳಗಾಗಿ ಬೆಳಕನ್ನು ಮುಟ್ಟಲಾರದೆ ನಶಿಸುವುವು. ಅಗೆಯುವಾಗಲಾದರೋ ಆಳದಲ್ಲಿ ಮಲಗಿದ್ದ ಬೀಜವು ಮೇಲಕ್ಕೆ ಬಂದು ಬೆಳಕನ್ನು ಕಾಣುವುದು. ಆದಕಾರಣ ಪದೇ ಪದೇ ಅಗೆಯುವುದರಿಂದ ಒಂದು ಬಗೆಯಲ್ಲಿ ಹೊಸ ಕಳೆಯನ್ನು ಬಿತ್ತಿದಂತೆಯೇ ಆಗುವುದು.

ಗರಿಕೆ, ಕೊನ್ನಾರಿ ಮುಂತಾದುವು ಈ ನಿಯಮಕ್ಕೆ ಒಳಪಟ್ಟುವಲ್ಲ. ಗೆಣ್ಣು ಬೇರಿನಲ್ಲಿಯೂ ಗಡ್ಡೆಯಲ್ಲಿಯೂ ಆಹಾರವನ್ನು ಕೂಡಿಟ್ಟುಕೊಂಡಿರುವುದರಿಂದ ಇವು ಹೊದಿಕೆಯನ್ನು ತೂರಿಕೊಂಡು ಮೇಲೇಳುವುವು. ಇಂಥವುಗಳನ್ನು ಮೊದಲೇ ಬೇರುಸಹಿತ ಆರಿಸಿ ತೆಗೆದು, ಆಮೇಲೆ ಹೊದಿಸತಕ್ಕದ್ದು. ಅನಂತರ ಅಲ್ಲೊಂದು ಇಲ್ಲೊಂದು ಬಂದವುಗಳನ್ನು ಕೈಯಿಂದಲೇ ಕೀಳಬಹುದು. ಹೊದಿಕೆಯ ಕೆಳಗಿನ ನೆಲವು ಮೆತ್ತಗಿರುವುದರಿಂದ ಕೀಳುವುದು ಸುಲಭ.

ಕಳೆ ಅಡಗುವುದಲ್ಲದೆ ಬೇರೆ ಪ್ರಯೋಜನಗಳೂ ಉಂಟು. ಬಿಸಿಲೂ ಗಾಳಿಯೂ ನೆಲಕ್ಕೆ ನೇರವಾಗಿ ತಾಗದ ಕಾರಣ ತೇವವು ಬೇಗನೆ ಆರದು. ಮಳೆಯ ಹನಿಯು ಮಣ್ಣನ್ನು ಹೊಡೆದು ಕೊಚ್ಚಿಕೊಂಡು ಹೋಗದು. ಹೊದಿಕೆಯು ಕ್ರಮೇಣ ಕೊಳೆತು ಮಣ್ಣನ್ನು ಸೇರುವುದು. ಎರೆಹುಳುಗಳು ಹೆಚ್ಚಿ ನೆಲವು ಸಡಿಲವಾಗುವುದು.

೨. ಹಾಸತಕ್ಕ ಪದಾರ್ಥಗಳು

ರಾಗಿಯ ಹುಲ್ಲನ್ನು ಇದಕ್ಕೆ ವ್ಯಯಮಾಡುವುದು ಸರಿಯಲ್ಲ. ಅದು ದನಗಳ ಆಹಾರವು. ದನವು ಮುಟ್ಟದ ವಸ್ತುಗಳೇ ಬೇಕಾದಷ್ಟಿರುವುವು. ತರಗೆಲೆ, ಹೊಂಗೆಯ ಸೊಪ್ಪು, ಕಬ್ಬಿನ ಒಣಗಿದ ಎಲೆ, ಕಡಲೆಕಾಯಿಯ ಸಿಪ್ಪೆ, ಭತ್ತದ ಹೊಟ್ಟು, ಅಡಿಕೆ ಸಿಪ್ಪೆ, ತೆಂಗಿನ ಗರಿ ಮತ್ತು ಮಟ್ಟೆ ಇವೆಲ್ಲವೂ ಯೋಗ್ಯವಾದುವು. ೧೯೫೫ರಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟು ಈಗ ಎಲ್ಲೆಡೆಯೂ ಹಬ್ಬಿರುವ ಪಾರ್ಥೇನಿಯಂ ಗಿಡವನ್ನು ಕೂಡ ಹೂ ಬಿಡುವುದಕ್ಕೆ ಮುಂಚೆ ಕಿತ್ತು ಹಾಸಬಹುದು. ಆದರೆ ಬರಿಗೈಯಿಂದ ಮುಟ್ಟಬಾರದು, ಹೂ ಬಿಟ್ಟುದನ್ನು ತರಲೇಬಾರದು. ಬೀಜ ಕಟ್ಟಿದ ಯಾವ ಕಳೆಯನ್ನೇ ಆಗಲಿ ಹಾಸಿದರೆ ಮಾಡಿದ ಕೆಲಸವೆಲ್ಲವೂ ವ್ಯರ್ಥವಾಗುವುದು.

ಮರ ಕೊಯ್ದ ಹಸಿ ಹೊಟ್ಟನ್ನು ಮಣ್ಣಿನೊಡನೆ ಬೆರೆಸಬಾರದು. ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ತೆಗೆದುಕೊಳ್ಳುವುದರಿಂದ ಗಿಡಕ್ಕೆ ಕೊರತೆಯುಂಟಾಗುವುದು. ಪ್ಲಾಸ್ಟಿಕ್ ಹಾಳೆಯು ಕಳೆಯನ್ನು ತಡೆಯುವುದಾದರೂ ಮಣ್ಣಿಗೆ ಸಾರವನ್ನು ಸೇರಿಸದು. ಹರಿದ ಮೇಲೆ ಅದರ ಚೂರುಗಳು ನೆಲದಲ್ಲಿಯೇ ಉಳಿಯುವುವು.

೩. ಕಾಲ ಮತ್ತು ಅಳತೆ

ನೆಲವು ಚೆನ್ನಾಗಿ ನೆನೆದಿರುವಾಗಲೇ ಹೊದಿಸತಕ್ಕದ್ದು. ಬಯಲುಸೀಮೆಯಲ್ಲಿ ಹಸ್ತೆ, ಚಿತ್ತೆ, ಸ್ವಾತಿ ಮಳೆಗಳ ಕಾಲವು ಪ್ರಶಸ್ತವಾದುದು. ಒಣ ನೆಲದ ಮೇಲೆ ಹಾಸಿದರೆ ಅನಂತರ ಬರುವ ತುಂತುರು ಮಳೆಯನ್ನು ಹೊದಿಕೆಯೇ ಹೀರಿಕೊಂಡು, ನೆಲವು ಒಣಗಿಯೇ ಇರುವುದು.

ಎಳೆಯ ಸಸಿಗೆ ಬುಡದಿಂದ ೩ ಅಡಿಯವರೆಗೂ, ಫಲ ಬಿಡುವ ತೆಂಗಿಗೆ ೬ ಅಡಿಯವರೆಗೂ ಸುತ್ತಲೂ ಹಾಸಬೇಕು. ಸಸಿಯ ಕಾಂಡದ ಸುತ್ತ ಅರ್ಧ ಅಡಿಯನ್ನೂ, ದೊಡ್ಡ ಮರದ ಸುತ್ತ ೧ ಅಡಿಯನ್ನೂ ಬರಿದಾಗಿ ಬಿಡಬೇಕು. ಹೊದಿಕೆಯು ಕುಸಿದು ಕುಳಿತ ಮೇಲೆ ೪ ಅಂಗುಲ ದಪ್ಪವಿರುವುದು ಸಾಕು. ಹೊಟ್ಟಿನಂತಹ ನುಣ್ಣನೆಯ ಪದಾರ್ಥವಾದರೆ ೨ ಅಂಗುಲವನ್ನು ಮೀರಬಾರದು. ಈ ಲೆಕ್ಕದಂತೆ ೪ ಅಂಗುಲ ದಪ್ಪಕ್ಕೆ ಸಸಿಯೊಂದಕ್ಕೆ ಸುಮಾರು ೯ ಘನ ಅಡಿಯೂ, ದೊಡ್ಡ ಮರಕ್ಕೆ ಸುಮಾರು ೩೭ ಘನ ಅಡಿಯೂ ಸಾಮಗ್ರಿ ಬೇಕಾಗುವುದು.

ತೆಂಗಿನ ಪಾತಿಗೆ ಸುಮಾರು ೧೦೦ ಕಾಯಿಮಟ್ಟೆಗಳನ್ನು ಉಬ್ಬು ಮೇಲಾಗಿ ಜೋಡಿಸಬಹುದು. ಇಲ್ಲವೆ ೧೫ ಒಣಗರಿಗಳನ್ನು ತುಂಡುಮಾಡಿ ಹಾಸಬಹುದು. ಚೆನ್ನಾಗಿ ಬೆಳೆದ ತೆಂಗು ವರ್ಷಕ್ಕೆ ಸುಮಾರು ೧೨ ಗರಿಗಳನ್ನು ಕಳಚುವುದಾದ್ದರಿಂದ, ಸೂರಿಗೂ ಒಲೆಗೂ ಹೋದುದು ಕಳೆದು ಉಳಿದುದನ್ನು ಬುಡಕ್ಕೇ ಹಾಕಿದಲ್ಲಿ ಹೊರಗಿನಿಂದ ತರತಕ್ಕದ್ದು ಬಹಳವಿರದು. ೨೫ ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು ೭೦ ಮರಗಳಿರುವುವು. ಇವುಗಳ ಪಾತಿಗಳೆಲ್ಲ ಸೇರಿ ಎಕರೆಯಲ್ಲಿ ಆರನೆಯ ಒಂದು ಭಾಗವನ್ನು ಸ್ವಲ್ಪ ಮೀರುವುದು, ಅಷ್ಟೇ. ಉಳಿದ ನೆಲದಲ್ಲಿ ಹುರುಳಿ ಅಥವಾ ಸೆಣಬನ್ನು ಬಿತ್ತಿದರೆ ಅಲ್ಲಿಯೂ ಕಳೆಯು ತಗ್ಗುವುದು.

೪. ವರ್ಜಿಸತಕ್ಕ ತಪ್ಪುಗಳು

ಬುಡಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದೆಂದು ಭಾವಿಸಿ ಕಾಂಡಕ್ಕೆ ಒರಗುವಂತೆ ರಾಶಿ ಹಾಕುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಸದಾ ತೇವಕ್ಕೆ ಸಿಕ್ಕಿದ ತೊಗಟೆಯು ಕೊಳೆಯತೊಡಗುವುದು. ರಾಶಿಯಲ್ಲಿ ಅಡಗಿದ ಇಲಿಯು ತೊಗಟೆಯನ್ನು ಕಡಿಯುವುದು. ಗೆದ್ದಲು ಮರೆಯಲ್ಲಿ ಕಾಂಡವನ್ನು ಏರುವುದು. ತೊಗಟೆಯು ಸುತ್ತಲೂ ಹಾಳಾದ ಮಾವಿನ ಸಸಿಯು ಬದುಕಲಾರದು. ಕೆಂಪು ನೆಲದಲ್ಲಿ ಗೆದ್ದಲಿನ ಕಾಟವು ಹೆಚ್ಚಾಗಿದ್ದರೆ ಕಾಂಡದ ಸುತ್ತಲಿನ ಬರಿಯ ಜಾಗವನ್ನು ಹದಿನೈದು ದಿನಗಳಿಗೊಮ್ಮೆ ನೋಡಿ ಮಣ್ಣಿನ ಗೂಡನ್ನು ಕೆಡವಬೇಕು.

ತೆಂಗಿನ ತೋಟದಲ್ಲಿ ಸೊಪ್ಪು ಸಗಣಿಗಳನ್ನು ದೊಡ್ಡ ರಾಶಿಯಾಗಿ ಬಹುಕಾಲ ಬಿಡಬಾರದು. ಕೊಳೆಯುವ ಅಂತಹ ರಾಶಿಗಳಲ್ಲಿಯೇ ಸುಳಿಯನ್ನು ಕೊರೆಯುವ ದುಂಬಿಯು ಮೊಟ್ಟೆಯಿಡುವುದು. ಬೇಸಗೆಯಲ್ಲಿ ಒಣ ಹೊದಿಕೆಗೆ ಬೆಂಕಿಯ ಭಯವಿರುವುದರಿಂದ ತೋಟದ ಬೇಲಿಯ ಉದ್ದಕ್ಕೂ ಒಂದು ಪಟ್ಟಿಯನ್ನು ಬರಿದುಮಾಡಿಡಬೇಕು. ಹೊದಿಕೆಯು ಕೊಳೆತು ತೆಳುವಾದಂತೆಲ್ಲ ಮೇಲೆ ಹೊಸದನ್ನು ಸೇರಿಸಬೇಕೇ ಹೊರತು ಹಳೆಯದನ್ನು ಅಗೆದು ತೆಗೆಯಬಾರದು.

೫. ಗ್ರಾಮಸ್ಥರು ಮಾಡತಕ್ಕ ಪರೀಕ್ಷೆ

ಈ ಕ್ರಮವನ್ನು ಒಮ್ಮೆಗೇ ಇಡೀ ತೋಟಕ್ಕೆ ಅನ್ವಯಿಸಬೇಕಾದುದಿಲ್ಲ. ಒಂದೇ ವಯಸ್ಸಿನ, ಒಂದೇ ಬಗೆಯ ಮಣ್ಣಿನಲ್ಲಿರುವ ೮ ಸಸಿಗಳನ್ನು ಆರಿಸಿ, ೪ಕ್ಕೆ ಹೊದಿಸಿ, ಉಳಿದ ೪ನ್ನು ವಾಡಿಕೆಯಂತೆ ಅಗೆಸತಕ್ಕದ್ದು. ಎರಡು ಕಡೆಗೂ ಹಿಡಿದ ಆಳುಗಳ ಲೆಕ್ಕವನ್ನು, ಸೊಪ್ಪು ಸಾಗಿಸಿದ ಕೂಲಿಯನ್ನೂ ಸೇರಿಸಿ, ಬರೆದಿಡಬೇಕು. ಶಿವರಾತ್ರಿಯ ವೇಳೆಗೆ ಎರಡು ಪಾತಿಗಳಲ್ಲಿಯೂ ಗೇಣುದ್ದ ಅಗೆದು ಮಣ್ಣನ್ನು ಹಿಡಿದು ನೋಡಿದರೆ ತೇವದ ವ್ಯತ್ಯಾಸವು ಕೈಗೆ ತಿಳಿಯುವುದು.

ಗ್ರಾಮದ ಮುಖಂಡರು ಗುಂಡುತೋಪಿನಲ್ಲಿಯೂ ಶಾಲೆಯ ಅಂಗಳದಲ್ಲಿಯೂ ಉದುರಿದ ಎಲೆಗೆ ಬೆಂಕಿಯಿಡುವುದನ್ನು ನಿಲ್ಲಿಸಿ, ಅಲ್ಲಿಯೇ ಇರುವ ಸಸಿಗಳ ಬುಡಕ್ಕೆ ಹಾಕಿಸಿದರೆ ಊರಿನವರೆಲ್ಲರೂ ಫಲವನ್ನು ಕಣ್ಣಾರೆ ಕಾಣುವರು. ಈ ವರ್ಷ ಹಿಂಗಾರು ಮಳೆಯು ಮುಗಿಯುವುದರೊಳಗೆ ಕೆಲಸವು ಪೂರೈಸುವಂತೆ, ಸಾಮಗ್ರಿಯನ್ನು ಈಗಿನಿಂದಲೇ ಸಂಗ್ರಹಿಸತಕ್ಕದ್ದು.