ಟ್ಯಾಲಿಯಿಂದ ಸಾಲದ ಫೈಲಿಗೆ: ಲೆಕ್ಕ ಬರೆಯುವವರು ಫೈನಾನ್ಸ್ ಕೆಲಸಕ್ಕೆ ಹೋಗುವ ದಾರಿ

ದಾವಣಗೆರೆಯ ಎಪಿಎಂಸಿ ಸುತ್ತಲಿನ ಮಂಡಿಗಳಲ್ಲಿ, ಹರಿಹರದ ವರ್ಕ್‌ಶಾಪ್‌ಗಳಲ್ಲಿ, ಎರಡೂ ಊರಿನ ಸಿಎ ಕಚೇರಿಗಳಲ್ಲಿ ಬಿ.ಕಾಂ ಮುಗಿಸಿ ಲೆಕ್ಕ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಟ್ಯಾಲಿ ಎಂಟ್ರಿ, ಜಿಎಸ್‌ಟಿ ರಿಟರ್ನ್, ಟಿಡಿಎಸ್, ಬ್ಯಾಂಕ್ ತಾಳೆ ಇವುಗಳಲ್ಲೇ ಮೂರ್ನಾಲ್ಕು ವರ್ಷ ಕಳೆದ ಮೇಲೆ ಫೈನಾನ್ಸ್ ಕಡೆ ಹೋಗಬೇಕು ಅನ್ನಿಸುವುದು ಸಹಜ. ಆಗ ಹೆಚ್ಚಿನವರು ಮೊದಲು ಹುಡುಕುವುದು ದುಬಾರಿ ಕೋರ್ಸನ್ನು. ಅದು ಕೊನೆಗೆ ಬರಬೇಕಾದದ್ದು. ಮೊದಲ ಪಾಠಕ್ಕೆ ಬೇಕಾದದ್ದೆಲ್ಲ ನೀವು ದಿನವೂ ತೆರೆಯುವ ಖಾತೆಗಳಲ್ಲೇ ಇದೆ.

ಹಂತ 1: ಯಾವ ಕೆಲಸ ಎಂದು ಗೊತ್ತು ಮಾಡಿಕೊಳ್ಳಿ

ಫೈನಾನ್ಸ್ ಎಂದರೆ ಷೇರುಪೇಟೆ ಮಾತ್ರ ಅಲ್ಲ. ಬ್ಯಾಂಕು ಮತ್ತು ಎನ್‌ಬಿಎಫ್‌ಸಿಗಳಲ್ಲಿ ಸಾಲದ ಅರ್ಜಿ ತೂಗಿ ನೋಡುವ ಕ್ರೆಡಿಟ್ ವಿಭಾಗ ಇದೆ. ಕಂಪನಿಗಳಲ್ಲಿ ಬಜೆಟ್, ಮುನ್ನಂದಾಜು ಮಾಡುವವರು ಇದ್ದಾರೆ. ಕಂಪನಿಗಳ ಷೇರು ಅಳೆಯುವ ರಿಸರ್ಚ್ ಕೆಲಸವೂ ಇದೆ. ನಮ್ಮ ಕಡೆಯ ಅಕೌಂಟೆಂಟ್‌ಗೆ ಹತ್ತಿರದ ಬಾಗಿಲು ಮೊದಲನೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಸಾಲದ ಫೈಲಿಗೆ ಬೇಕಾದ ಕಾಗದಗಳನ್ನು ನೀವು ಈಗಾಗಲೇ ಜೋಡಿಸಿಕೊಡುತ್ತಿದ್ದೀರಿ. ಇನ್ನು ಮೇಜಿನ ಆ ಕಡೆ ಕೂತು ಅವನ್ನು ಓದುವುದನ್ನು ಕಲಿಯಬೇಕು.

ಹಂತ 2: ಒಂದೇ ಒಂದು ವ್ಯಾಪಾರದ ಹಣದ ಓಟ ಬರೆಯಿರಿ

ಇಲ್ಲಿ ಅವಸರ ಮಾಡಬೇಡಿ. ಉಳಿದ ಹಂತಗಳೆಲ್ಲ ಇದರ ಮೇಲೆಯೇ ನಿಂತಿವೆ.

ಒಬ್ಬ ಮೆಕ್ಕೆಜೋಳದ ವ್ಯಾಪಾರಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ವರ್ಷದ ವಹಿವಾಟು ₹3.65 ಕೋಟಿ, ಅಂದರೆ ದಿನಕ್ಕೆ ಸರಾಸರಿ ₹1 ಲಕ್ಷ. ಮಾಲು ಗೋದಾಮಿನಲ್ಲಿ 20 ದಿನ ಇರುತ್ತದೆ. ಕೋಳಿ ಆಹಾರದ ಕಾರ್ಖಾನೆಗೆ ಉದ್ರಿ ಕೊಟ್ಟರೆ ಹಣ ಬರಲು 45 ದಿನ. ತಾನು ಕೊಡಬೇಕಾದ್ದಕ್ಕೆ ಸಿಗುವ ಅವಕಾಶ ಐದೇ ದಿನ. 20 ಮತ್ತು 45 ಕೂಡಿಸಿ 5 ಕಳೆಯಿರಿ. 60 ದಿನ ಅವರ ದುಡ್ಡು ವ್ಯಾಪಾರದಲ್ಲಿ ಸಿಕ್ಕಿಕೊಂಡಿರುತ್ತದೆ. ಮಾರಾಟ ಬೆಲೆಯಲ್ಲೇ ಲೆಕ್ಕ ಹಿಡಿದರೆ ಸುಮಾರು ₹60 ಲಕ್ಷ. ಶೇ. 11ರ ಬಡ್ಡಿಯಂತೆ ವರ್ಷಕ್ಕೆ ₹6.6 ಲಕ್ಷ. ವಸೂಲಿಯನ್ನು 45ರಿಂದ 30 ದಿನಕ್ಕೆ ಇಳಿಸಿದರೆ ₹15 ಲಕ್ಷ ಕೈಗೆ ಬರುತ್ತದೆ, ಬಡ್ಡಿಯಲ್ಲಿ ₹1.65 ಲಕ್ಷ ಉಳಿಯುತ್ತದೆ. ಲಾಭ-ನಷ್ಟದ ಪಟ್ಟಿಯಲ್ಲಿ ಬಡ್ಡಿ ಎಂಬ ಒಂದು ಸಾಲು ಮಾತ್ರ ಕಾಣುತ್ತದೆ. ಅದು ಯಾವ ಗಿರಾಕಿಯಿಂದ, ಎಷ್ಟು ದಿನದ ತಡದಿಂದ ಬಂತು ಎಂದು ಬಿಡಿಸಿ ಹೇಳುವವರು ಫೈನಾನ್ಸ್‌ನವರು.

ಈಗ ಬ್ಯಾಂಕಿನ ಲೆಕ್ಕ ನೋಡಿ. ಸಣ್ಣ ಉದ್ಯಮಗಳಿಗೆ ನಾಯಕ್ ಸಮಿತಿಯ ಸೂತ್ರ ಇದೆ: ಮುಂದಿನ ವರ್ಷದ ಅಂದಾಜು ವಹಿವಾಟಿನ ಶೇ. 25ರಷ್ಟು ದುಡಿಯುವ ಬಂಡವಾಳ ಬೇಕು. ಅದರಲ್ಲಿ ವಹಿವಾಟಿನ ಶೇ. 20 ಬ್ಯಾಂಕಿನದು, ಶೇ. 5 ವ್ಯಾಪಾರಿಯದು. ಈ ವ್ಯಾಪಾರಿಗೆ ಸೂತ್ರದಂತೆ ₹73 ಲಕ್ಷದ ಮಿತಿ ಬರುತ್ತದೆ. ಆದರೆ ವರ್ಷದ ಕಾಲು ಭಾಗ ಅಂದರೆ ಮೂರು ತಿಂಗಳ ಚಕ್ರ; ಇವರದು ಎರಡೇ ತಿಂಗಳು. ಹೆಚ್ಚಿಗೆ ಸಿಕ್ಕ ಹಣ ಸೈಟಿಗೋ ಮದುವೆಗೋ ಹೋದರೆ ಸಿಸಿ ಖಾತೆ ತುಂಬುವುದು ಕಷ್ಟ. ಇನ್ನೊಂದು ಕಡೆ, ಮೆಕ್ಕೆಜೋಳ ವರ್ಷವಿಡೀ ಒಂದೇ ಸಮನೆ ಬರುವುದಿಲ್ಲ. ಮುಂಗಾರಿನ ಬೆಳೆ ದಸರಾ, ದೀಪಾವಳಿಯ ಸುಮಾರಿಗೆ ಮಾರುಕಟ್ಟೆಗೆ ನುಗ್ಗುತ್ತದೆ. ಆ ತಿಂಗಳುಗಳಲ್ಲಿ ₹60 ಲಕ್ಷವೂ ಸಾಲದೆ ಹೋಗಬಹುದು, ಬೇಸಿಗೆಯಲ್ಲಿ ಅದರರ್ಧವೂ ಬೇಡವಾಗಬಹುದು. ಆದ್ದರಿಂದ ವರ್ಷದ ಸರಾಸರಿಗೆ ನಿಲ್ಲದೆ ಎಕ್ಸೆಲ್‌ನಲ್ಲಿ ಹನ್ನೆರಡು ತಿಂಗಳ ಹನ್ನೆರಡು ಕಾಲಂ ಹಾಕಿ, ಪ್ರತಿ ತಿಂಗಳು ಬರುವ ಹಣ, ಹೋಗುವ ಹಣ, ಉಳಿಯುವ ಹಣ ಬರೆಯಿರಿ.

ಗಿರಾಕಿಯ ಲೆಕ್ಕ ಗುಟ್ಟಿನ ವಿಷಯ. ಹೆಸರು, ಅಂಕಿ ಬದಲಿಸಿಯೇ ಅಭ್ಯಾಸ ಮಾಡಿ. ಕಚೇರಿಯ ಫೈಲು ಕಚೇರಿಯಲ್ಲೇ ಇರಲಿ.

ಹಂತ 3: ನಾಳೆಯ ರೂಪಾಯಿಗೆ ಇಂದಿನ ಬೆಲೆ ಕಟ್ಟುವುದು

ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇತ್‌ಗಳನ್ನು ತಯಾರಿಸಿತು. ಆ ಕಾರ್ಖಾನೆ ಮುಚ್ಚಿ ಎರಡು ದಶಕಕ್ಕೂ ಹೆಚ್ಚಾಯಿತು, ಆದರೂ ಲೇತ್ ಎಂದರೆ ಹರಿಹರದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ವರ್ಕ್‌ಶಾಪಿನ ಮಾಲೀಕರೊಬ್ಬರು ₹10 ಲಕ್ಷದ ಯಂತ್ರ ಕೊಳ್ಳುತ್ತಾರೆ ಎಂದುಕೊಳ್ಳಿ. ವರ್ಷಕ್ಕೆ ₹3 ಲಕ್ಷದಂತೆ ನಾಲ್ಕು ವರ್ಷ ಹಣ ತರುತ್ತದೆ, ಆಮೇಲೆ ಗುಜರಿ. ₹12 ಲಕ್ಷ ಬಂತು, ₹10 ಲಕ್ಷ ಹೋಯಿತು, ₹2 ಲಕ್ಷ ಲಾಭ ಎಂದು ಖಾತೆ ಹೇಳುತ್ತದೆ. ಬಂಡವಾಳದ ಖರ್ಚು ಶೇ. 12 ಎಂದು ಹಿಡಿದು ನಾಲ್ಕೂ ವರ್ಷದ ಹಣವನ್ನು ಇಂದಿನ ಬೆಲೆಗೆ ಇಳಿಸಿದರೆ ಸಿಗುವುದು ಸುಮಾರು ₹9.11 ಲಕ್ಷ. ಅಂದರೆ ಸುಮಾರು ₹89 ಸಾವಿರ ನಷ್ಟ. ಯಂತ್ರ ಅದೇ, ಅಂಕಿಗಳೂ ಅವೇ, ತೀರ್ಮಾನ ಮಾತ್ರ ತಿರುಗುಮುರುಗು. ಇದನ್ನು ಕೈಯಲ್ಲೇ ಒಮ್ಮೆ ಮಾಡಿ, ಆಮೇಲೆ ಎಕ್ಸೆಲ್‌ನ ಎನ್‌ಪಿವಿ ಸೂತ್ರ ಹಾಕಿ. ಆ ಸೂತ್ರ ಮೊದಲ ಅಂಕಿಯನ್ನು ವರ್ಷದ ಕೊನೆಯದೆಂದು ಹಿಡಿಯುತ್ತದೆ. ಹಾಗಾಗಿ ಇಂದೇ ಕೊಡುವ ₹10 ಲಕ್ಷವನ್ನು ಸೂತ್ರದ ಹೊರಗೆ ಕಳೆಯಬೇಕು.

ಹಂತ 4: ಪಕ್ಕದೂರಿನ ಕಂಪನಿಯ ವಾರ್ಷಿಕ ವರದಿ ಓದಿ

ಕುಕ್ಕುವಾಡದ ದಾವಣಗೆರೆ ಶುಗರ್ ಕಂಪನಿ ಷೇರುಪೇಟೆಯಲ್ಲಿದೆ. ಅದರ ವರದಿಗಳು ಎನ್‌ಎಸ್‌ಇ, ಬಿಎಸ್‌ಇ ಜಾಲತಾಣಗಳಲ್ಲಿ ಉಚಿತ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ತಲುಪಿದ 14 ದಿನದೊಳಗೆ ರೈತರಿಗೆ ಹಣ ಕೊಡಬೇಕು, ತಡವಾದರೆ ಶೇ. 15 ಬಡ್ಡಿ. ಸಕ್ಕರೆ ಮಾರಾಟವಾಗುವುದು ವರ್ಷವಿಡೀ. ಈ ಅಂತರವನ್ನು ಯಾವುದೇ ಸಕ್ಕರೆ ಕಂಪನಿ ಹೇಗೆ ತುಂಬುತ್ತದೆ ಎಂದು ಅದರ ದಾಸ್ತಾನು, ಅಲ್ಪಾವಧಿ ಸಾಲ ಮತ್ತು ನಗದು ಹರಿವಿನ ಪಟ್ಟಿಗಳಲ್ಲಿ ಹುಡುಕಿ. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ ಕಾರ್ಖಾನೆ ಇರುವ ಗ್ರಾಸಿಮ್ ಇದಕ್ಕಿಂತ ತೊಡಕಿನದು. ನಾರು, ಬಣ್ಣದ ಜೊತೆಗೆ ಸಿಮೆಂಟು, ಹಣಕಾಸು ಕಂಪನಿಗಳೂ ಅದರ ಕೆಳಗಿವೆ. ಅದನ್ನು ಎರಡನೆಯದಾಗಿ, ಸ್ಟ್ಯಾಂಡ್‌ಅಲೋನ್ ಲೆಕ್ಕದಿಂದ ಶುರು ಮಾಡಿ. ಒಂದೊಂದು ಕಂಪನಿಗೂ ಎರಡು ಪುಟದ ಟಿಪ್ಪಣಿ ಬರೆದಿಡಿ: ಸಾಲ ಕೊಡಬಹುದೇ, ಏಕೆ.

ಹಂತ 5: ಈಗ ಪರೀಕ್ಷೆ

ಸೆಬಿ ಸ್ಥಾಪಿಸಿದ ಎನ್‌ಐಎಸ್‌ಎಂ ಪರೀಕ್ಷೆಗಳು ಕಡಿಮೆ ಖರ್ಚಿನವು. ರಿಸರ್ಚ್ ಕಡೆ ಮನಸ್ಸಿದ್ದರೆ ಸರಣಿ 15 ಬರೆಯಿರಿ. ಸಿಎಫ್‌ಎ ದೊಡ್ಡ ಖರ್ಚು, ದೊಡ್ಡ ಓದು. ಷೇರು ಮತ್ತು ಹೂಡಿಕೆಯ ಕೆಲಸವೇ ಬೇಕು ಎಂಬುದು ಗಟ್ಟಿಯಾದ ಮೇಲೆ ಮಾತ್ರ ಅದಕ್ಕೆ ಕೈ ಹಾಕಿ. ಬ್ಯಾಂಕಿನ ಕ್ರೆಡಿಟ್ ಕೆಲಸಕ್ಕೆ ಅದು ಬೇಕಿಲ್ಲ. ಕೆಲಸ ಕೊಡಿಸುತ್ತೇವೆ ಎಂದು ಮುಂಗಡ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಸಿಎ ಕಚೇರಿಯಲ್ಲಿದ್ದರೆ ಏಪ್ರಿಲ್‌ನ ಬ್ಯಾಂಕ್ ಶಾಖೆಗಳ ಆಡಿಟ್‌ಗೆ ನನ್ನನ್ನೂ ಕರೆದುಕೊಂಡು ಹೋಗಿ ಸಾರ್ ಎಂದು ಕೇಳಿ. 90 ದಿನ ಬಾಕಿ ಬಿದ್ದ ಸಾಲ ಎನ್‌ಪಿಎ ಆಗುವುದನ್ನು, ಮಂಜೂರಾತಿ ಪತ್ರದ ಷರತ್ತುಗಳನ್ನು, ಸ್ಟಾಕ್ ಸ್ಟೇಟ್‌ಮೆಂಟ್‌ಗೂ ಪುಸ್ತಕಕ್ಕೂ ತಾಳೆಯಾಗದ್ದನ್ನು ಅಲ್ಲಿ ಕಣ್ಣಾರೆ ನೋಡುತ್ತೀರಿ. ಯಾವ ಕೋರ್ಸೂ ಇದನ್ನು ಕೊಡುವುದಿಲ್ಲ.

ಹಂತ 6: ಬಯೋಡೇಟಾ, ಸಂದರ್ಶನ, ರಾಜೀನಾಮೆ

ಬಯೋಡೇಟಾದಲ್ಲಿ ‘ಟ್ಯಾಲಿ ಗೊತ್ತು, ಜಿಎಸ್‌ಟಿ ಗೊತ್ತು’ ಎಂದು ಬರೆದರೆ ಸಾಲದು. ‘ಎಷ್ಟು ಸಾಲದ ಅರ್ಜಿಗಳಿಗೆ ಸಿಎಂಎ ಡಾಟಾ ತಯಾರಿಸಿದೆ, ಯಾವ ಉದ್ಯಮದವು, ವಸೂಲಿ ಪಟ್ಟಿಯಲ್ಲಿ ಏನು ಕಂಡುಹಿಡಿದೆ’ ಎಂಬುದನ್ನು ಬರೆಯಿರಿ, ಮಾಡಿದ್ದನ್ನಷ್ಟೇ. ಸಂದರ್ಶನದಲ್ಲಿ ಲಾಭ ಇರುವ ವ್ಯಾಪಾರಕ್ಕೆ ಹಣದ ಅಡಚಣೆ ಏಕೆ ಎಂಬ ಪ್ರಶ್ನೆ ಬಂದರೆ, ಮೆಕ್ಕೆಜೋಳದ ಹನ್ನೆರಡು ಕಾಲಂಗಳನ್ನು ಬಾಯಲ್ಲೇ ಬಿಡಿಸಿ ಹೇಳುವಷ್ಟು ತಯಾರಾಗಿರಿ. ಸ್ಥಳೀಯ ಸಹಕಾರಿ ಬ್ಯಾಂಕು, ಎನ್‌ಬಿಎಫ್‌ಸಿ ಶಾಖೆಗಳಿಂದಲೇ ಶುರು ಮಾಡಿ; ಆಮೇಲೆ ಹುಬ್ಬಳ್ಳಿ, ಬೆಂಗಳೂರು. ಮೊದಲ ಸಂಬಳ ಈಗಿನದಕ್ಕಿಂತ ಹೆಚ್ಚಿಲ್ಲದಿದ್ದರೂ ಕ್ರೆಡಿಟ್ ಫೈಲು ಕೈಗೆ ಸಿಗುವ ಹುದ್ದೆಯಾದರೆ ಒಪ್ಪಿಕೊಳ್ಳಿ. ಸಾಲದ ಗುರಿ ಕೊಟ್ಟು ಬೀದಿ ಸುತ್ತಿಸುವ ಹುದ್ದೆಯಾದರೆ ಯೋಚಿಸಿ, ಅದು ಮಾರಾಟದ ಕೆಲಸ.

ರಾಜೀನಾಮೆಯನ್ನು ಸೆಪ್ಟೆಂಬರ್‌ನ ಆಡಿಟ್ ಗಡಿಬಿಡಿಯ ನಡುವೆ ಕೊಡಬೇಡಿ. ಅದು ಮುಗಿಯಲಿ; ಖಾತೆಗಳನ್ನು ತಾಳೆ ಮಾಡಿ, ಬಾಕಿ ಕೆಲಸಗಳ ಪಟ್ಟಿ ಬರೆದು, ನಿಮ್ಮ ಜಾಗಕ್ಕೆ ಬರುವವರಿಗೆ ಒಪ್ಪಿಸಿ ಬನ್ನಿ. ಹೊಸ ಕಚೇರಿಯವರು ವಿಚಾರಿಸಲು ಫೋನ್ ಮಾಡುವುದು ಹಳೆಯ ಸಾಹುಕಾರರಿಗೆ ಅಥವಾ ನಿಮ್ಮ ಸಿಎಗೆ.