ಸೂಪರ್‌ಹೀರೋ ಚಿತ್ರಗಳು ಮತ್ತು ಅಭಿಮಾನಿಗಳ ಅರ್ಥಗಾರಿಕೆ

ಕಥೆ ತಿಳಿದಿದ್ದರೂ ವಾದ ಮುಗಿಯುವುದಿಲ್ಲ. ಕರಾವಳಿಯ ತಾಳಮದ್ದಳೆ ನಿಂತಿರುವುದೇ ಈ ನೆಲೆಯ ಮೇಲೆ. ಅಲ್ಲಿ ಪದ್ಯ ಮೊದಲೇ ಸಿದ್ಧ, ಅರ್ಥಧಾರಿಯ ಮಾತು ಆಶುವಾಗಿ ಹುಟ್ಟುವಂಥದು. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಪ್ರಶ್ನಿಸುತ್ತಾನೆ. ಅವನ ಸಾವು ಬದಲಾಗದು; ಅದು ನ್ಯಾಯವೇ ಎಂಬ ಪ್ರಶ್ನೆ ಪ್ರತಿ ಕೂಟದಲ್ಲೂ ಹೊಸದು.

ಕರಾವಳಿಯಿಂದ ಬಂದು ಕಾಂದಿವಲಿಯಂತಹ ಮುಂಬಯಿ ಉಪನಗರಗಳಲ್ಲಿ ನೆಲೆಸಿದ ಹಿರಿಯರಿಗೆ ಈ ವಾದಸುಖ ಪರಿಚಿತ. ಕಿರಿಯರಲ್ಲಿ ಹಲವರಿಗೆ ಅದು ದೊರೆಯುವುದು ಸೂಪರ್‌ಹೀರೋ ಚಿತ್ರಗಳ ಚರ್ಚೆಯಲ್ಲಿ. 2018ರ ‘ಅವೆಂಜರ್ಸ್: ಇನ್ಫಿನಿಟಿ ವಾರ್’ ಚಿತ್ರದಲ್ಲಿ ಡಾಕ್ಟರ್ ಸ್ಟ್ರೇಂಜ್ 1,40,00,605 ಭವಿಷ್ಯಗಳನ್ನು ಕಂಡು, ಗೆಲುವಿರುವುದು ಒಂದರಲ್ಲಿ ಮಾತ್ರ ಎನ್ನುತ್ತಾನೆ. ಬಳಿಕ ಟೋನಿ ಸ್ಟಾರ್ಕ್‌ನ ಜೀವ ಉಳಿಸಲು, ಜೀವಕೋಟಿಯ ಅರ್ಧವನ್ನು ಅಳಿಸಹೊರಟ ಥಾನೋಸನಿಗೆ ಕಾಲವನ್ನಾಳುವ ಮಣಿಯನ್ನು ಒಪ್ಪಿಸುತ್ತಾನೆ. ಆ ಗೆಲುವಿಗೆ ಟೋನಿ ಬದುಕಿರುವುದು ಅಗತ್ಯವೆಂದು ಅನೇಕ ಅಭಿಮಾನಿಗಳು ಊಹಿಸಿದರು. 2019ರ ‘ಎಂಡ್‌ಗೇಮ್’ ಅದನ್ನು ದೃಢಪಡಿಸಿತು.

ಊಹೆ ನಿಜವಾದೊಡನೆ ಅದರ ಆಯುಸ್ಸು ತೀರುತ್ತದೆ. ಉಳಿಯುವ ಪ್ರಶ್ನೆ ಬೇರೆ: ಟೋನಿಯ ಬಲಿಯನ್ನು ಮೊದಲೇ ಅರಿತೂ ಅವನಿಗೆ ಹೇಳದೆ ಹೋದುದು ಧರ್ಮವೇ? ಮುಂದೇನಾಗುವುದು ಎಂಬುದು ಕುತೂಹಲ. ಆದದ್ದು ಸರಿಯೇ ಎಂಬುದು ವಿಮರ್ಶೆ. ಅಭಿಮಾನಿಯ ಮಾತು ಅರ್ಥಗಾರಿಕೆಯಾಗುವುದು ಈ ಎರಡನೆಯ ನೆಲೆಯಲ್ಲಿ.

ಆದರೆ ವಾಲಿಗೆ ಉತ್ತರಿಸಲು ರಾಮ ಎದುರಿಗೇ ಇರುತ್ತಾನೆ; ಅಭಿಮಾನಿಗೆ ಅಂತಹ ಎದುರಾಳಿ ಬೇಕು. ಮನೆಯ ಹಿರಿಯರು ಆ ಸ್ಥಾನದಲ್ಲಿ ಕುಳಿತು ಕನ್ನಡದಲ್ಲಿ ವಾದಿಸಿದರೆ, ಹೊರನಾಡಿನ ಎರಡು ತಲೆಮಾರುಗಳ ನಡುವೆ ಭಾಷೆ ಉಳಿಯಲು ಅದೂ ಒಂದು ದಾರಿ.