ಮಾರ್ಗರಿಟಾ ಮಾಡಲು ಅಫಜಲಪುರದ ಲಿಂಬೆ

ಮನೆಯಲ್ಲಿ ಮಾರ್ಗರಿಟಾ ಮಾಡಹೊರಟವರು ರೊಕ್ಕವನ್ನೆಲ್ಲ ಟಕೀಲಾ ಬಾಟಲಿಗೆ ಸುರಿದು, ಫ್ರಿಜ್ಜಿನಲ್ಲಿ ವಾರದಿಂದ ಒಣಗುತ್ತಿರುವ ಲಿಂಬೆಹಣ್ಣನ್ನು ಹಿಂಡುತ್ತಾರೆ. ಆಮೇಲೆ ರುಚಿ ಬರಲಿಲ್ಲವೆಂದು ಬಾಟಲಿಯನ್ನು ಬಯ್ಯುತ್ತಾರೆ. ಈ ಕಾಕ್‌ಟೇಲಿನ ಜೀವ ಇರುವುದೇ ಲಿಂಬೆಯಲ್ಲಿ. ಆ ವಿಷಯದಲ್ಲಿ ಆಳಂದ, ಅಫಜಲಪುರ, ಜೇವರ್ಗಿಯವರು ಬೆಂಗಳೂರಿನ ಬಾರುಗಳಿಗಿಂತ ಅನುಕೂಲವಂತರು. ಅಫಜಲಪುರದಲ್ಲೇ ಲಿಂಬೆ ತೋಟಗಳಿವೆ. ಭೀಮಾ ಹೊಳೆ ದಾಟಿದರೆ ಜಿಐ ಟ್ಯಾಗ್ ಪಡೆದ ಲಿಂಬೆಯ ಇಂಡಿ. ಬೆಳಿಗ್ಗೆ ಕಿತ್ತ ಹಣ್ಣು ಸಂಜೆಗೆ ಸಂತೆಯಲ್ಲಿ ಸಿಗುವ ಸೀಮೆ ಇದು.

ನಮ್ಮ ಕಾಗ್ಜಿ ಲಿಂಬೆ ಮತ್ತು ಮೆಕ್ಸಿಕೊದವರು ಬಳಸುವ ಸಣ್ಣ ಲಿಂಬೆ ಒಂದೇ ಜಾತಿಯವು. ಏಷ್ಯಾದ ಈ ಹಣ್ಣನ್ನು ಸ್ಪೇನಿನವರು ಸಮುದ್ರ ದಾಟಿಸಿ ಅಲ್ಲಿಗೆ ಒಯ್ದರು. ನಮ್ಮ ಹೊಲದ ಬದುವಿನ ಕತ್ತಾಳೆ ಅಲ್ಲಿಂದ ಇಲ್ಲಿಗೆ ಬಂದದ್ದು. ಟಕೀಲಾ ತೆಗೆಯುವುದು ಕತ್ತಾಳೆಯ ಬಳಗದ್ದೇ ಆದ ನೀಲಿ ಅಗಾವೆಯಿಂದ. ಹಾಗೆಂದು ಬದುವಿನ ಗಿಡ ಕಡಿದು ಭಟ್ಟಿ ಇಡುವ ಯೋಚನೆ ಬೇಡ. ಅದು ಕಾನೂನಿಗೆ ವಿರುದ್ಧ, ಜೀವಕ್ಕೂ ಅಪಾಯ. ಕತ್ತಾಳೆಯ ಹಸಿ ರಸ ಮೈಗೆ ತಗುಲಿದರೇ ಉರಿ, ತುರಿಕೆ.

ಬಾಟಲಿ ಕೊಳ್ಳುವಾಗ ಲೇಬಲ್ ಓದಿ. '100% ಅಗಾವೆ' ಎಂದಿದ್ದರೆ ಒಳ್ಳೆಯದು. ಹಾಗೆ ಬರೆಯದ ಟಕೀಲಾದಲ್ಲಿ ಅಗಾವೆಯ ಸಕ್ಕರೆ 51% ಇದ್ದರೂ ನಡೆಯುತ್ತದೆ, ಉಳಿದದ್ದು ಕಬ್ಬಿನಂಥ ಬೇರೆ ಮೂಲದ್ದು. ಬಣ್ಣವಿಲ್ಲದ 'ಬ್ಲಾಂಕೊ' ಮಾರ್ಗರಿಟಾಕ್ಕೆ ಸರಿಹೋಗುತ್ತದೆ. ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟ ದುಬಾರಿ ಮಾಲನ್ನು ಹುಳಿಯಲ್ಲಿ ಮುಳುಗಿಸುವುದು ದಂಡ. ದಖ್ಖನ್ ಪ್ರಸ್ಥಭೂಮಿಯ ಕತ್ತಾಳೆಯಿಂದಲೇ ಮಾಡಿದ 'ಡೆಸ್ಮಂಡ್‌ಜಿ' 2011ರಿಂದ ಮಾರುಕಟ್ಟೆಯಲ್ಲಿದೆ. ಅದರ ಭಟ್ಟಿ ಇರುವುದು ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ. ಟಕೀಲಾ ಎಂಬ ಹೆಸರು ಮೆಕ್ಸಿಕೊದ ಸ್ವತ್ತಾದ್ದರಿಂದ ಅದರ ಮೇಲೆ ಬರೀ 'ಅಗಾವೆ' ಎಂದಿರುತ್ತದೆ. ಈ ಪಾನೀಯಕ್ಕೆ ಅದೂ ನಡೆಯುತ್ತದೆ.

ತಾಲ್ಲೂಕಿನ ವೈನ್‌ಶಾಪಿನಲ್ಲಿ ಸಿಗದಿದ್ದರೆ ಕಲಬುರಗಿಯಲ್ಲಿ ವಿಚಾರಿಸಿ. ಅಕ್ಕಲಕೋಟ, ಸೊಲ್ಲಾಪುರ ಹತ್ತಿರವೆಂದು ಅಲ್ಲಿಂದ ಬಾಟಲಿ ತರುವ ರೂಢಿ ಗಡಿಯೂರುಗಳಲ್ಲಿ ಉಂಟು. ಪರವಾನಗಿ ಇಲ್ಲದೆ ಹೊರರಾಜ್ಯದ ಮದ್ಯ ತರುವುದು ಅಬಕಾರಿ ಅಪರಾಧ. 21 ತುಂಬದವರಿಗೆ ಮದ್ಯವೇ ಸಲ್ಲದು.

ಇನ್ನು ಲಿಂಬೆ. ಕಡುಹಸಿರಿನ ಗಟ್ಟಿ ಕಾಯಿ ಬೇಡ, ಪೂರ್ತಿ ಹಳದಿಗಟ್ಟಿ ಮೆತ್ತಗಾದದ್ದೂ ಬೇಡ. ಹಸಿರು ಹಳದಿಗೆ ತಿರುಗುತ್ತಿರಬೇಕು, ಸಿಪ್ಪೆ ತೆಳುವಾಗಿ ನುಣುಪಾಗಿರಬೇಕು, ಗಾತ್ರಕ್ಕಿಂತ ತೂಕ ಹೆಚ್ಚೆನಿಸಬೇಕು. ಕೊಯ್ಯುವ ಮುನ್ನ ಅಂಗೈ ಕೆಳಗಿಟ್ಟು ಒತ್ತಿ ಉರುಳಿಸಿ. ಹಿಂಡುವಾಗ ಕೊನೆಯ ಹನಿಗಾಗಿ ಸಿಪ್ಪೆಯನ್ನು ತಿರುಚಬೇಡಿ, ಕಹಿ ಇಳಿಯುತ್ತದೆ. ಬಾಟಲಿಯಲ್ಲಿ ಬರುವ ಲಿಂಬೆರಸವನ್ನು ಇದಕ್ಕೆ ಮುಟ್ಟಲೇಬಾರದು.

ಮೂರನೆಯದು ಟ್ರಿಪಲ್ ಸೆಕ್, ಅಂದರೆ ಕಿತ್ತಳೆ ಸಿಪ್ಪೆಯ ಸಿಹಿ ಮದ್ಯ. ಫ್ರಾನ್ಸಿನ ಕ್ವಾಂಟ್ರೊ ಹೆಸರುವಾಸಿ, ಬೆಲೆಯೂ ಹಾಗೇ ಇದೆ. ಅದಿಲ್ಲದಿದ್ದರೆ ಚಳಿಗಾಲದಲ್ಲಿ ನಾಗಪುರದ ಕಿತ್ತಳೆ ಬಂದಾಗ ಎರಡು ಹಣ್ಣಿನ ಸಿಪ್ಪೆಯನ್ನು, ಒಳಗಿನ ಬಿಳಿ ಪೊರೆ ಹೆರೆದು ತೆಗೆದು, 100 ಗ್ರಾಂ ಸಕ್ಕರೆ ಜೊತೆ ಕೈಯಿಂದ ಚೆನ್ನಾಗಿ ಹಿಸುಕಿ ಐದಾರು ತಾಸು ಮುಚ್ಚಿಡಿ. ಸಕ್ಕರೆ ಒದ್ದೆಯಾಗಿ ಘಮ್ಮೆನ್ನುತ್ತದೆ. 100 ಮಿ.ಲೀ. ಬಿಸಿನೀರು ಹಾಕಿ ಕರಗಿಸಿ ಸೋಸಿದರೆ ಮುಗಿಯಿತು. ಫ್ರಿಜ್ಜಿನಲ್ಲಿ ವಾರ ಉಳಿಯುತ್ತದೆ. ಕಬ್ಬಿನ ಸೀಮೆಯಲ್ಲಿದ್ದೂ ಬೆಲ್ಲ ಬಳಸಬಾರದೇ ಎಂದು ಕೇಳಬಹುದು. ಬೆಲ್ಲದ ವಾಸನೆ ಉಳಿದೆಲ್ಲವನ್ನೂ ನುಂಗಿಬಿಡುತ್ತದೆ, ಇಲ್ಲಿ ಸಕ್ಕರೆಯೇ ಒಳ್ಳೆಯದು.

ಮೊದಲು ಗ್ಲಾಸು. ಕಲ್ಲುಪ್ಪನ್ನು ರವೆಯಷ್ಟು ದಪ್ಪಕ್ಕೆ ಕುಟ್ಟಿ ತಟ್ಟೆಯಲ್ಲಿ ಹರಡಿ. ಪುಡಿ ಉಪ್ಪು ಬಳಿದುಕೊಂಡು ಬಾಯಿ ಕೆಡಿಸುತ್ತದೆ. ಲಿಂಬೆಹೋಳಿನಿಂದ ಗ್ಲಾಸಿನ ಅಂಚಿನ ಹೊರಮೈಯನ್ನಷ್ಟೇ ಒದ್ದೆ ಮಾಡಿ ಉಪ್ಪಿನಲ್ಲಿ ಹೊರಳಿಸಿ. ಅರ್ಧ ಅಂಚಿಗೆ ಉಪ್ಪು, ಅರ್ಧ ಖಾಲಿ ಬಿಟ್ಟರೆ ಕುಡಿಯುವವರು ಬೇಕಾದ ಕಡೆಯಿಂದ ಗುಟುಕರಿಸಬಹುದು.

ಅಂತರರಾಷ್ಟ್ರೀಯ ಬಾರ್‌ಟೆಂಡರುಗಳ ಸಂಘದ ಅಳತೆಯಲ್ಲಿ ಟಕೀಲಾ 50 ಮಿ.ಲೀ., ಟ್ರಿಪಲ್ ಸೆಕ್ 20, ಲಿಂಬೆರಸ 15. ಬೇಸಿಗೆಯಲ್ಲಿ ನನಗೆ ಲಿಂಬೆರಸ 20, ಜೊತೆಗೆ ಒಂದು ಚಮಚ ಸಕ್ಕರೆ ಪಾಕ ಇದ್ದರೆ ಹಿಡಿಸುತ್ತದೆ. ಅಳೆಯಲು ಕೆಮ್ಮಿನ ಔಷಧಿ ಬಾಟಲಿಯ ಗೆರೆ ಇರುವ ಮುಚ್ಚಳ ಸಾಕು, ತೊಳೆದಿರಲಿ. ಕಣ್ಣಳತೆ ಮಾತ್ರ ಬೇಡ.

ಶೇಕರ್ ಇಲ್ಲದಿದ್ದರೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ತಗೊಳ್ಳಿ. ಮೂರನ್ನೂ ಹಾಕಿ, ಮುಕ್ಕಾಲು ತುಂಬುವಷ್ಟು ಐಸ್ ತುಂಬಿ. ಐಸ್ ಮನೆಯಲ್ಲಿ ಕುಡಿಯುವ ನೀರಿನದ್ದೇ ಆಗಿರಲಿ. ಸಾಮಾನು ತಂಪಿಡಲು ಮಾರುವ ಬರ್ಫದ ಗಡ್ಡೆ ಬೇಡ. ಡಬ್ಬಿ ಮುಚ್ಚಿ, ಬಟ್ಟೆ ಸುತ್ತಿ ಹಿಡಿದು, ಜೋರಾಗಿ 15 ಸೆಕೆಂಡ್ ಕುಲುಕಿ. ಹೊರಗೆ ಮಂಜಿನ ಹನಿ ಕಟ್ಟಿ ಕೈ ಕೊರೆಯತೊಡಗಿದರೆ ಆಯಿತೆಂದು ಲೆಕ್ಕ. ಐಸ್ ಕರಗಿ ಸೇರುವ ನೀರೂ ಪಾಕವಿಧಾನದ ಭಾಗವೇ. ಆದರೆ ನಮ್ಮಲ್ಲಿ ಉಷ್ಣಾಂಶ 42 ದಾಟುವ ದಿನಗಳಲ್ಲಿ ಹೆಚ್ಚು ಹೊತ್ತು ಬಿಟ್ಟರೆ ನೀರುನೀರಾಗುತ್ತದೆ. ಕುಲುಕಿದ ಕೂಡಲೇ ಚಹಾ ಸೋಸುವ ಜರಡಿಯಿಂದ ಗ್ಲಾಸಿಗೆ ಸೋಸಿ. ಬೇಕಿದ್ದರೆ ಗ್ಲಾಸನ್ನು ಮೊದಲೇ ಫ್ರೀಜರಿನಲ್ಲಿಡಿ. ಮಿಕ್ಸಿಯಲ್ಲಿ ಐಸ್ ಜೊತೆ ತಿರುಗಿಸುವ ಪದ್ಧತಿಯೂ ಇದೆ. ಅಮೆರಿಕದ ಡಲ್ಲಾಸಿನಲ್ಲಿ 1971ರಲ್ಲಿ ಮರಿಯಾನೊ ಮಾರ್ಟಿನೆಜ್ ಅದಕ್ಕೆಂದೇ ಯಂತ್ರ ಹೂಡಿದರು. ಲಿಂಬೆಯ ಸುವಾಸನೆ ಅದರಲ್ಲಿ ಸತ್ತುಹೋಗುತ್ತದೆಂದು ನನಗನ್ನಿಸುತ್ತದೆ.

ಜೊತೆಗೆ ಖಡಕ್ ರೊಟ್ಟಿ ಮುರಿದಿಟ್ಟು ಶೇಂಗಾ ಚಟ್ನಿ ಇಡಿ, ಬೇರೆ ಚಾಕಣ ಹುಡುಕಬೇಕಿಲ್ಲ.

ಒಂದು ಲೆಕ್ಕ ನೆನಪಿರಲಿ. ಟಕೀಲಾ, ಕ್ವಾಂಟ್ರೊ ಎರಡೂ ಸುಮಾರು 40% ಮದ್ಯಸಾರದವು. ಆದ್ದರಿಂದ ಒಂದು ಗ್ಲಾಸ್ ಮಾರ್ಗರಿಟಾ ಎಂದರೆ ಒಂದು ದೊಡ್ಡ ಪೆಗ್‌ಗಿಂತ ಕೊಂಚ ಹೆಚ್ಚೇ. ಹುಳಿ-ಸಿಹಿಯಲ್ಲಿ ಅದು ಗೊತ್ತಾಗದೆ ಶರಬತ್ತಿನಂತೆ ಇಳಿಯುತ್ತದೆ. ಕುಡಿದ ಮೇಲೆ ಗಾಡಿಯ ಕೀಲಿ ಮುಟ್ಟಬೇಡಿ, 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಮೀರಿದರೆ ಕೇಸು.

ಕುಡಿಯದವರಿಗೂ ಅದೇ ಡಬ್ಬಿಯಲ್ಲಿ ಮಾಡಿಕೊಡಬಹುದು: ಲಿಂಬೆರಸ 25 ಮಿ.ಲೀ., ಕಿತ್ತಳೆ ಸಿಪ್ಪೆಯ ಪಾಕ 30, ಐಸ್. ಕುಲುಕಿ ಸೋಸಿ, ಮೇಲೆ ತಣ್ಣನೆಯ ಸೋಡಾ. ಅಂಚಿನ ಉಪ್ಪನ್ನು ಇದಕ್ಕೂ ಬಿಡಬೇಡಿ.